ನೆಟ್ ಕಿಸೆಗೆ ಬಂತು, ಕುರ್ಚಿ ಬರಲಿಲ್ಲ

ಮನೆ ಕರದ ರಸೀದಿ ಎಲ್ಲಾದರೂ ಇಟ್ಟಿದ್ದರೆ ಒಮ್ಮೆ ತೆಗೆದು ನೋಡಿ. ಆರೋಗ್ಯ ಉಪಕರ ಶೇ 15, ಭಿಕ್ಷುಕರ ಉಪಕರ ಶೇ 3 ಎಂಬ ಸಾಲುಗಳ ಜೊತೆಗೆ ಗ್ರಂಥಾಲಯ ಉಪಕರ ಶೇ 6 ಎಂಬ ಸಾಲೂ ಇರುತ್ತದೆ. 3,000 ರೂಪಾಯಿ ಕರ ಬರುವ ಮನೆಯವರು ಅದರ ಮೇಲೆ 180 ರೂಪಾಯಿಯನ್ನು ಲೈಬ್ರರಿಗೆಂದೇ ಕಟ್ಟಿರುತ್ತಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಹಾಕಿಕೊಟ್ಟ ಏರ್ಪಾಟು ಇದು. ಊರಿನ ಸ್ಥಳೀಯ ಸಂಸ್ಥೆ ಉಪಕರ ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು, ಆ ಹಣದಿಂದ ಪುಸ್ತಕ, ಪತ್ರಿಕೆ, ಕಟ್ಟಡದ ಖರ್ಚು ನಡೆಯಬೇಕು. ಹಾಗಾಗಿ ಮೊಬೈಲ್ ಬಂದ ಮೇಲೆ ಲೈಬ್ರರಿ ಯಾಕೆ ಬೇಕು ಎಂದು ಕೇಳುವವರೂ ವರ್ಷಾ ವರ್ಷ ಅದಕ್ಕೆ ದುಡ್ಡು ಕೊಡುತ್ತಲೇ ಇದ್ದಾರೆ. ಕೊಟ್ಟ ದುಡ್ಡಿಗೆ ಏನು ಸಿಗಬೇಕು, ಸಿಗುತ್ತಿಲ್ಲವಾದರೆ ಯಾಕೆ ಎಂದು ವಿಚಾರಿಸುವುದು ಆ ಪ್ರಶ್ನೆಗಿಂತ ಮುಖ್ಯ.

ಇಂಟರ್ನೆಟ್ ಲೈಬ್ರರಿಯ ಕೆಲವು ಕೆಲಸಗಳನ್ನು ನಿಜವಾಗಿಯೂ ಕಿತ್ತುಕೊಂಡಿದೆ, ಅದನ್ನು ಒಪ್ಪಿಕೊಳ್ಳಬೇಕು. ಒಂದು ಊರಿನ ಪಿನ್ ಕೋಡ್, ಒಂದು ಶಬ್ದದ ಅರ್ಥ, ನಿನ್ನೆಯ ಪಂದ್ಯದ ರನ್ನು, ಎಸ್ಸೆಸ್ಸೆಲ್ಸಿ ಫಲಿತಾಂಶ, ಇವಕ್ಕಾಗಿ ಯಾರೂ ಇನ್ನು ವಾಚನಾಲಯದ ಮೆಟ್ಟಿಲು ಹತ್ತುವುದಿಲ್ಲ, ಹತ್ತಬೇಕಾಗಿಯೂ ಇಲ್ಲ. ಒಂದರಿಂದ ಹತ್ತನೇ ತರಗತಿಯ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಆದರೆ ಅದೇ ಪಿಡಿಎಫ್ ಅನ್ನು ಓದಲು ಕೂತ ಹುಡುಗಿಯ ಪಾಡು ಯೋಚಿಸಿ. ಆರು ಇಂಚಿನ ಪರದೆಯಲ್ಲಿ ಪುಟ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಸರಿಸಿ, ಮಧ್ಯೆ ಬಂದ ವಾಟ್ಸಾಪ್ ಸಂದೇಶಗಳನ್ನು ದಾಟಿ ಓದಬೇಕು. ಪ್ರಿಂಟ್ ಹಾಕಿಸೋಣವೆಂದರೆ ಪುಟಕ್ಕೆ 2 ರೂಪಾಯಿ ಹಿಡಿದರೂ 200 ಪುಟಕ್ಕೆ 400 ರೂಪಾಯಿ. ಪತ್ರಿಕೆಗಳದ್ದೂ ಇದೇ ಲೆಕ್ಕ. ದಿನಕ್ಕೆ 6 ರೂಪಾಯಿಯಂತೆ 8 ಪತ್ರಿಕೆ ತರಿಸಿದರೆ ತಿಂಗಳಿಗೆ 1,440 ರೂಪಾಯಿ ಬೇಕು. ಯಾವ ನೇಕಾರರ ಮನೆಯೂ, ಕಬ್ಬಿನ ಗ್ಯಾಂಗಿನ ಮನೆಯೂ ಅಷ್ಟು ಖರ್ಚು ಮಾಡದು. ವಾಚನಾಲಯದ ಮೇಜಿನ ಮೇಲೆ ಅದೇ ಎಂಟು ಪತ್ರಿಕೆಯನ್ನು ಒಂದು ಬೆಳಿಗ್ಗೆ ಐವತ್ತು ಜನ ಓದುತ್ತಾರೆ.

ಓದಲು ಜಾಗ ಎಂಬುದರ ಬೆಲೆ ಗೊತ್ತಾಗಬೇಕಾದರೆ ವಿಜಯಪುರ ನೋಡಬೇಕು. ಪೊಲೀಸ್ ಕಾನ್‌ಸ್ಟೆಬಲ್, ಪಿಎಸ್ಐ, ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಎಂದು ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಬರುವ ಹುಡುಗ ಹುಡುಗಿಯರು ಕೋಚಿಂಗ್ ಹಿಡಿದು ಇಲ್ಲಿ ರೂಮು ಮಾಡಿಕೊಂಡು ಇರುತ್ತಾರೆ. ಇವರೆಲ್ಲರ ಕೈಯಲ್ಲೂ ಫೋನ್ ಇದೆ, ಯೂಟ್ಯೂಬ್ ಪಾಠಗಳಿವೆ, ಟೆಲಿಗ್ರಾಂ ಗುಂಪುಗಳಲ್ಲಿ ಬೇಕಾದಷ್ಟು ನೋಟ್ಸ್ ಇದೆ. ಆದರೂ ಊರಿನಲ್ಲಿ ಖಾಸಗಿ ರೀಡಿಂಗ್ ರೂಮುಗಳು ತಿಂಗಳ ಬಾಡಿಗೆಗೆ ಕುರ್ಚಿ ಕೊಡುತ್ತವೆ, ಆ ಕುರ್ಚಿಗಳು ತುಂಬುತ್ತವೆ. ದುಡ್ಡು ಕೊಟ್ಟು ಅವರು ಅಲ್ಲಿ ಕೊಳ್ಳುವುದು ಒಂದು ಮೇಜು, ತಲೆಯ ಮೇಲೊಂದು ದೀಪ, ಎಂಟು ಗಂಟೆ ಯಾರೂ ಮಾತಾಡಿಸದ ಮೌನ. ನಾಲ್ಕು ಜನ ಒಂದೇ ಖೋಲಿಯಲ್ಲಿ ಅಡುಗೆ ಮಾಡಿಕೊಂಡು ಮಲಗುವವರಿಗೆ ಇದು ಮನೆಯಲ್ಲಿ ಸಿಗುವುದಿಲ್ಲ. ಸಾರ್ವಜನಿಕ ಗ್ರಂಥಾಲಯ ಇದೇ ಸರಕನ್ನು ಪುಕ್ಕಟೆ ಕೊಡಬಲ್ಲ ಸಂಸ್ಥೆ, ಊರಿನವರು ಅದರ ಬೆಲೆ ಈಗಾಗಲೇ ಉಪಕರದಲ್ಲಿ ಕಟ್ಟಿಯೂ ಇದ್ದಾರೆ.

ಒಂದು ಓದುವ ಕೋಣೆಗೆ ಏನು ಬೇಕು ಎಂಬುದಕ್ಕೆ ಊಹೆ ಬೇಕಿಲ್ಲ, ಲೆಕ್ಕವಿದೆ. ಗ್ರಂಥಾಲಯ ಕಟ್ಟಡಗಳ ವಿನ್ಯಾಸದಲ್ಲಿ ಒಬ್ಬ ಓದುಗನಿಗೆ ಓಡಾಡುವ ದಾರಿ ಸೇರಿ ಸುಮಾರು 25 ಚದರ ಅಡಿ ಹಿಡಿಯುತ್ತಾರೆ. 20 ಅಡಿಗೆ 30 ಅಡಿಯ ಕೋಣೆ ಎಂದರೆ 600 ಚದರ ಅಡಿ, ಅಂದರೆ 24 ಕುರ್ಚಿ. ಅದೇ ಜಾಗದಲ್ಲಿ 50 ಪ್ಲಾಸ್ಟಿಕ್ ಕುರ್ಚಿ ತುರುಕಿದರೆ ಕೂರಬಹುದು, ಓದಲಾಗದು. ಮೇಜಿನ ಮೇಲೆ 300 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕು ಬೀಳಬೇಕಾದರೆ ಗೋಡೆ, ಎತ್ತರ, ಧೂಳಿನಲ್ಲಿ ಹೋಗುವ ಬೆಳಕನ್ನೂ ಲೆಕ್ಕ ಹಿಡಿದು 20 ವ್ಯಾಟ್‌ನ ಸುಮಾರು 16 ಎಲ್ಇಡಿ ಟ್ಯೂಬ್ ಬೇಕು. ಬಹಳ ಕಡೆ ನಾಲ್ಕು ಟ್ಯೂಬ್ ಇರುತ್ತವೆ, ಅವೂ ಕಪಾಟಿನ ಮೇಲೆ, ಮೇಜಿನ ಮೇಲಲ್ಲ. ಸಂಜೆ ಆರರ ಮೇಲೆ ಯಾರೂ ಬರುವುದಿಲ್ಲ ಎಂದು ದೂರುವ ಮೊದಲು ಆ ಹೊತ್ತಿನಲ್ಲಿ ಮೂಲೆಯ ಮೇಜಿನ ಮೇಲೆ ಒಂದು ಪತ್ರಿಕೆ ಹರಡಿ ಸಣ್ಣ ಅಕ್ಷರ ಓದಲು ಬರುತ್ತದೆಯೇ ನೋಡಬೇಕು.

ಕರೆಂಟಿನ ಲೆಕ್ಕವನ್ನೂ ಇಲ್ಲೇ ಮುಗಿಸಬಹುದು. 16 ಟ್ಯೂಬ್ ಎಂದರೆ 320 ವ್ಯಾಟ್. ಕಡಿಮೆ ಕರೆಂಟ್ ಸಾಕಾಗುವ 28 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಆರು ಎಂದರೆ 170 ವ್ಯಾಟ್ ಹತ್ತಿರ. ಒಟ್ಟು 490. ಸಾಮಾನ್ಯವಾಗಿ ಕೊಡಿಸುವ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ 1,800 ವ್ಯಾಟ್‌ಅವರ್ ಎಂದು ಬರೆದಿದ್ದರೂ ಬ್ಯಾಟರಿ ಕೆಡದಂತೆ ಬಳಸಬಹುದಾದದ್ದು, ಇನ್ವರ್ಟರ್ ನುಂಗುವುದನ್ನು ಕಳೆದು, 1,100ರ ಆಸುಪಾಸು. ಅಂದರೆ ಎರಡು ತಾಸು ಚಿಲ್ಲರೆ. ಅರ್ಧ ದೀಪಕ್ಕೆ ಬೇರೆ ಸ್ವಿಚ್ ಹಾಕಿ ಕರೆಂಟ್ ಹೋದಾಗ ಅವನ್ನು ಆರಿಸಿದರೆ ಮೂರು ತಾಸು ದಾಟುತ್ತದೆ. ಈ ಒಂದು ವೈರಿಂಗ್ ಬದಲಾವಣೆಯ ಖರ್ಚು ಅತ್ಯಲ್ಪ. ಬೇಸಿಗೆಯಲ್ಲಿ ಬಾಗಲಕೋಟೆಯ ಬಿಸಿಲಿಗೆ ಬ್ಯಾಟರಿಯ ನೀರು ಬೇಗ ಆರುತ್ತದೆ. ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವವರಿಲ್ಲದೆ ಎರಡೇ ವರ್ಷಕ್ಕೆ ಸತ್ತ ಬ್ಯಾಟರಿ ಲೈಬ್ರರಿಯ ಮೂಲೆಯಲ್ಲಿ ಕೂತಿರುತ್ತದೆ. ಕೊಳ್ಳಲು ಅನುದಾನ ಬರುತ್ತದೆ, ಕಾಪಾಡಲು ಬರುವುದಿಲ್ಲ. ಕಂಪ್ಯೂಟರ್, ಟಿವಿ, ವೈಫೈ ಎಲ್ಲದರ ಕಥೆಯೂ ಇಷ್ಟೇ. ವೈಫೈ ವಿಷಯದಲ್ಲಿ 24 ಜನ ಒಟ್ಟಿಗೆ ಪಾಠದ ವಿಡಿಯೊ ನೋಡಿದರೂ ತಲಾ ಒಂದೂವರೆ ಎಂಬಿಪಿಎಸ್ ಸಾಕು, 50 ಎಂಬಿಪಿಎಸ್ ಸಂಪರ್ಕ ಧಾರಾಳವಾಗುತ್ತದೆ. ಕೈಕೊಡುವುದು ಹೆಚ್ಚಾಗಿ ರೂಟರ್. ಅದನ್ನು ಕಳುವಿನ ಭಯಕ್ಕೆ ಕಬ್ಬಿಣದ ಕಪಾಟಿನೊಳಗೆ ಇಟ್ಟಿರುತ್ತಾರೆ, ಸಿಗ್ನಲ್ ಅಲ್ಲೇ ಸಾಯುತ್ತದೆ.

ಇನ್ನೊಂದು ಸಣ್ಣ ನಿಯಮ ದೊಡ್ಡ ತೊಂದರೆ ಕೊಡುತ್ತದೆ. ಸ್ವಂತ ಪುಸ್ತಕ ಒಳಗೆ ತರುವಂತಿಲ್ಲ ಎಂಬ ಫಲಕ. ಪುಸ್ತಕ ಕಳುವಾಗದಿರಲಿ ಎಂದು ಹಿಂದೆ ಮಾಡಿದ ನಿಯಮ ಅದು. ಸ್ಪರ್ಧಾ ಪರೀಕ್ಷೆಯವರು ಬಹುಪಾಲು ತಮ್ಮ ನೋಟ್ಸ್ ತಂದೇ ಓದುವವರು. ಅವರಿಗೆ ಬೇರೆ ಕೋಣೆ ಕೊಟ್ಟು, ಬಾಗಿಲಲ್ಲಿ ತಂದ ಪುಸ್ತಕದ ಹೆಸರು ಬರೆಸಿಕೊಂಡರೆ ಎರಡೂ ಸಾಧ್ಯ. ಕೋಣೆ ಒಂದೇ ಇದ್ದರೆ ಪತ್ರಿಕೆಯ ಮೇಜನ್ನು ವರಾಂಡಕ್ಕೆ ಹಾಕಬೇಕು. ಪತ್ರಿಕೆ ಓದುವ ಹಿರಿಯರು ನಾಲ್ಕು ಮಾತು ಆಡದೆ ಓದುವವರಲ್ಲ, ಅವರಿಗೆ ಆ ಮಾತೂ ಬೇಕು.

ಹಳ್ಳಿಯಲ್ಲಿ ಈ ಚಿತ್ರ ಬೇರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಬೆಳಗಾವಿ ಜಿಲ್ಲೆ ಶೇ 73, ಬಾಗಲಕೋಟೆ ಶೇ 69ರ ಹತ್ತಿರ, ವಿಜಯಪುರ ಶೇ 67ರಲ್ಲಿತ್ತು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಂಟರ್ನೆಟ್ ಒಮ್ಮೆಯಾದರೂ ಬಳಸಿದ ಪುರುಷರು ರಾಜ್ಯದಲ್ಲಿ ಶೇ 62, ಮಹಿಳೆಯರು ಶೇ 35. ಆಮೇಲೆ ಫೋನುಗಳು ಹೆಚ್ಚಿರಬಹುದು. ಆದರೆ ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಯಾರ ಕಿಸೆಯಲ್ಲಿ ಇರುತ್ತದೆ ಎಂಬುದು ಈ ಭಾಗದವರಿಗೆ ಹೇಳಿಕೊಡಬೇಕಾದ ಮಾತಲ್ಲ. ಅಪ್ಪ ಗೋವಾದ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲು ಪರಊರಿಗೋ ಹೋದಾಗ ಫೋನೂ ಅವನೊಂದಿಗೆ ಹೋಗುತ್ತದೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಂಥ ಮಗುವಿಗೆ ಪಠ್ಯದಾಚೆಯ ಕನ್ನಡ ಪುಸ್ತಕ ಕೈಗೆ ಸಿಗುವ ಜಾಗ ಊರಲ್ಲಿ ಒಂದೇ, ಪಂಚಾಯಿತಿಯ ಲೈಬ್ರರಿ.

ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಶಾಲೆಗಳು ಮುಚ್ಚಿದ್ದ ಕೊರೊನಾ ಕಾಲದಲ್ಲಿ, 2020ರ ನವೆಂಬರ್‌ನಲ್ಲಿ, ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಶುರುವಾಯಿತು. ಈಗ ಇವುಗಳ ಹೆಸರು ಅರಿವು ಕೇಂದ್ರ. ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಮಕ್ಕಳ ಮೂಲೆ ಬಂತು. ನಮ್ಮ ಕಾಲದ ಒಳ್ಳೆಯ ಆಡಳಿತದ ಕೆಲಸಗಳಲ್ಲಿ ಇದೊಂದು ಎಂದು ಧೈರ್ಯವಾಗಿ ಹೇಳಬಹುದು. ಆದರೆ ಕೇಂದ್ರ ಒಬ್ಬ ಮೇಲ್ವಿಚಾರಕರ ಮೇಲೆ ನಿಂತಿದೆ, ಕೀಲಿ ಅವರ ಹತ್ತಿರ ಮಾತ್ರ ಇದೆ. ಅವರನ್ನು ಪಂಚಾಯಿತಿಯ ಇತರ ಕೆಲಸಕ್ಕೋ ಸಮೀಕ್ಷೆಗೋ ಕಳಿಸಿದ ದಿನ ಬಾಗಿಲು ಮುಚ್ಚಿರುತ್ತದೆ. ಮಕ್ಕಳು ಮೂರು ಸಲ ಬಂದು ಬೀಗ ನೋಡಿ ಹಿಂದಿರುಗಿದರೆ ನಾಲ್ಕನೇ ಸಲ ಬರುವುದಿಲ್ಲ. ಹಾಗೆ ಕಳೆದುಕೊಂಡ ಓದುಗರನ್ನು ಮೊಬೈಲ್ ಕಸಿಯಿತು ಎಂದು ಬರೆದುಕೊಳ್ಳುತ್ತೇವೆ.

ತೆರೆಯುವ ಹೊತ್ತೂ ಹಾಗೆಯೇ. ಶಾಲೆ ನಡೆಯುವ ಹೊತ್ತಿನಲ್ಲಿ ತೆರೆದಿದ್ದು ಶಾಲೆ ಬಿಟ್ಟ ಒಂದು ತಾಸಿಗೆ ಮುಚ್ಚುವ ಮಕ್ಕಳ ಲೈಬ್ರರಿಯಿಂದ ಮಕ್ಕಳಿಗೇನು ಉಪಯೋಗ? ಹೊಲದ ಕೆಲಸ, ಮಗ್ಗದ ಕೆಲಸ ಮುಗಿಸಿ ಬರುವವರಿಗೆ ಸಂಜೆ ಆರರಿಂದ ಎಂಟು ಗಂಟೆಯೇ ಹೊತ್ತು. ಹೆಣ್ಣುಮಕ್ಕಳಿಗೆ ಶಾಲೆ ಬಿಟ್ಟ ನಾಲ್ಕೂವರೆಯಿಂದ ಕತ್ತಲಾಗುವವರೆಗಿನ ಹೊತ್ತು ಮಾತ್ರ ಸಿಗುತ್ತದೆ, ಅದೂ ಹತ್ತಿರದಲ್ಲಿ ಬಳಸಬಹುದಾದ ಶೌಚಾಲಯ ಇದ್ದರೆ.

ಇನ್ನು ಪುಸ್ತಕದ ವಿಷಯ. ಕನ್ನಡದ ಎಲ್ಲ ಜ್ಞಾನ ನೆಟ್‌ನಲ್ಲಿ ಇದೆ ಎಂದು ನಂಬಿದವರು ತಮ್ಮ ತಾಲೂಕಿನ ಬಗ್ಗೆ ಒಂದು ಪ್ರಶ್ನೆ ಹುಡುಕಿ ನೋಡಲಿ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳೆ ಬಾಗಲಕೋಟೆಯ ಓಣಿಗಳ ಹೆಸರು ಏನೇನಿದ್ದವು? ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ವಿನ್ಯಾಸಗಳಿಗೆ ನೇಕಾರರು ಏನೆಂದು ಕರೆಯುತ್ತಾರೆ? ಇವಕ್ಕೆ ಉತ್ತರ ಇರುವುದು ಸ್ಮರಣ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ತಾಲೂಕು ಸಾಹಿತ್ಯ ಸಮ್ಮೇಳನಗಳ ಪುಸ್ತಿಕೆಗಳಲ್ಲಿ, ಜಿಲ್ಲಾ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ. 500 ಪ್ರತಿ ಅಚ್ಚಾಗಿ ಸಮಾರಂಭದಲ್ಲಿ ಹಂಚಿಹೋದ ಪುಸ್ತಕಗಳಿವು. 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಬೆಳಗಾವಿ ಮತ್ತು ಬಿಜಾಪುರ ಸಂಪುಟಗಳು ಇಂಗ್ಲಿಷಿನಲ್ಲಿ ನೆಟ್‌ನಲ್ಲಿ ಸಿಗುತ್ತವೆ. ಅಂದರೆ ನಮ್ಮ ಜಿಲ್ಲೆಗಳ ಬಗ್ಗೆ ಬ್ರಿಟಿಷ್ ಅಧಿಕಾರಿ ಬರೆಸಿದ್ದು ಒಂದು ಕ್ಲಿಕ್‌ನಲ್ಲಿದೆ, ನಮ್ಮವರು ಬರೆದದ್ದು ರದ್ದಿಯ ತಕ್ಕಡಿಯಲ್ಲಿದೆ. ಎಐ ಚಾಟ್‌ಗಳಿಗೆ ಕೇಳಿದರೂ ಅವು ಓದಿದ್ದು ನೆಟ್‌ನಲ್ಲಿ ಇದ್ದದ್ದನ್ನೇ. ಇಲ್ಲದ್ದನ್ನು ಕೇಳಿದಾಗ ಸರಾಗವಾಗಿ ಕಟ್ಟಿ ಹೇಳುವ ಅಪಾಯ ಬೇರೆ.

ಪುಸ್ತಕ ಊರಲ್ಲಿ ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಜಯಪುರದಲ್ಲೇ ಎರಡು ದೃಷ್ಟಾಂತಗಳಿವೆ. ಆದಿಲ್‌ಶಾಹಿ ಅರಸರ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ಅಸಾರ್ ಮಹಲಿನಿಂದ 19ನೇ ಶತಮಾನದ ಮಧ್ಯದಲ್ಲಿ ಲಂಡನ್ನಿಗೆ ಹೋದವು. ಇವತ್ತು ಅವನ್ನು ನೋಡಬೇಕೆಂದರೆ ಬ್ರಿಟಿಷ್ ಲೈಬ್ರರಿಯನ್ನು ಕೇಳಬೇಕು. ಇನ್ನೊಂದು ಫ.ಗು. ಹಳಕಟ್ಟಿಯವರದು. ವಕೀಲಿ ಮಾಡುತ್ತಿದ್ದ ಹಳಕಟ್ಟಿಯವರು ಮನೆ ಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ವಚನಗಳ ತಾಡೋಲೆ ಕಟ್ಟುಗಳನ್ನು ಹುಡುಕಿ, ನಕಲು ಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಮನೆ ಮಾರಿ 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಇವತ್ತು ವಚನಗಳನ್ನು ಫೋನಿನಲ್ಲಿ ಒಂದು ಪದ ಹಾಕಿ ಹುಡುಕಬಹುದಾದರೆ, ಒಬ್ಬರು ಗರಿಯಿಂದ ಕಾಗದಕ್ಕೆ ತಂದದ್ದರಿಂದ, ಆ ಕಾಗದ ಯಾವುದೋ ಕಪಾಟಿನಲ್ಲಿ ಉಳಿದದ್ದರಿಂದ.

ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರ ಮರಣದ ಮರುವರ್ಷದಿಂದ 60 ವರ್ಷ ಹಕ್ಕು ನಡೆಯುತ್ತದೆ. ಅಂದರೆ ಅವರ ಸ್ವಂತ ಬರಹಗಳು 2025ರ ಜನವರಿ 1ರಿಂದ ಎಲ್ಲರ ಸ್ವತ್ತು. ಹಳೆಯ ಮುದ್ರಣಗಳನ್ನು ಇಟ್ಟುಕೊಂಡಿರುವ ಯಾವ ಲೈಬ್ರರಿಯೂ ಅವನ್ನು ಸ್ಕ್ಯಾನ್ ಮಾಡಿ ಬೇಕಾದವರಿಗೆಲ್ಲ ಹಂಚಬಹುದು. ಹಕ್ಕು ಮುಗಿಯದ ಪುಸ್ತಕಗಳಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಅದೇ 1957ರ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಪುಸ್ತಕವನ್ನು ಕಾಪಿಡುವುದಕ್ಕಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ತನ್ನ ಬಳಕೆಗೆ ಮಾಡಿಕೊಳ್ಳಬಹುದು. ಕಣ್ಣು ಕಾಣದವರಿಗಾಗಿ ಓದಲು ಬರುವ ರೂಪಕ್ಕೆ ಬದಲಿಸಲೂ ಅವಕಾಶವಿದೆ. ಇಷ್ಟು ಅಧಿಕಾರ ಕೈಯಲ್ಲಿದ್ದೂ ಜಿಲ್ಲೆಯ ಲೈಬ್ರರಿಗಳು ಸ್ಕ್ಯಾನಿಂಗ್ ಎಂದರೆ ಬೆಂಗಳೂರಿನ ಕೆಲಸ ಎಂದು ಕೂತಿರುವುದು ನೋವಿನ ಸಂಗತಿ.

ಕೆಲಸ ಕಷ್ಟದ್ದಲ್ಲ. ಮೊದಲು ಊರಿಗೆ ಮಾತ್ರ ಸಂಬಂಧಿಸಿದ, ಬೇರೆಲ್ಲೂ ಸಿಗದ 100 ಪುಸ್ತಕಗಳ ಪಟ್ಟಿ ಮಾಡಬೇಕು. ನೆಟ್‌ನಲ್ಲಿ ಈಗಾಗಲೇ ಇದೆಯೇ ಎಂದು ಆರ್ಕೈವ್, ಭಾರತವಾಣಿ, ಕಣಜ ಜಾಲತಾಣಗಳಲ್ಲಿ ನೋಡಿ ಇದ್ದದ್ದನ್ನು ಬಿಡಬೇಕು. ಹಳೆಯ ಕಾಗದವನ್ನು ಮೇಲಿನಿಂದ ಒತ್ತುವ ಸಾಮಾನ್ಯ ಸ್ಕ್ಯಾನರ್‌ಗೆ ಹಾಕಿದರೆ ಬೆನ್ನು ಮುರಿಯುತ್ತದೆ. ಪುಸ್ತಕವನ್ನು ಇಳಿಜಾರು ಹಲಗೆಯ ಮೇಲೆ ಅರ್ಧ ತೆರೆದು, ಮೇಲೆ ಕಟ್ಟಿದ ಕ್ಯಾಮೆರಾದಿಂದ, ಎರಡೂ ಬದಿಯಿಂದ ಸಮ ಬೆಳಕು ಬಿಟ್ಟು ತೆಗೆಯುವುದು ವಾಸಿ. ಇಂಚಿಗೆ 300 ಚುಕ್ಕೆ ಸಾಕು, ಸಣ್ಣ ಅಚ್ಚಿದ್ದರೆ 400. ಚಿತ್ರದಿಂದ ಪಠ್ಯ ತೆಗೆಯುವ ಓಸಿಆರ್ ಕನ್ನಡಕ್ಕೂ ಈಗ ಬಂದಿದೆ, ಟೆಸೆರಾಕ್ಟ್‌ನಂಥ ಮುಕ್ತ ತಂತ್ರಾಂಶದಲ್ಲೇ ಇದೆ. ತಪ್ಪು ಬೀಳುವುದು ಒತ್ತಕ್ಷರಗಳಲ್ಲಿ, ಮಸಿ ಹರಡಿದ ಮೊಳೆಯಚ್ಚಿನಲ್ಲಿ, ಹಳಗನ್ನಡದ ಱ, ೞಗಳಲ್ಲಿ. ಕರಡು ತಿದ್ದಲು ಮನುಷ್ಯರು ಬೇಕೇ ಬೇಕು. ನಿವೃತ್ತ ಕನ್ನಡ ಮೇಷ್ಟ್ರುಗಳು ಪ್ರತಿ ಲೈಬ್ರರಿಯ ಪತ್ರಿಕೆಯ ಮೇಜಿನ ಸುತ್ತ ಕೂತೇ ಇರುತ್ತಾರೆ, ಅವರನ್ನು ಕೇಳಿದವರಿಲ್ಲ.

ಆದರೆ ಸ್ಕ್ಯಾನ್ ಮಾಡಿ ಹೆಸರು ಸರಿಯಾಗಿ ಇಡದಿದ್ದರೆ ಮಾಡಿದ್ದೂ ಮಾಡದ್ದೂ ಒಂದೇ. ನಮ್ಮ ಊರುಗಳಿಗೆ ಈ ತೊಂದರೆ ವಿಶೇಷವಾಗಿ ಇದೆ. ಬೆಳಗಾಂವ, ಬೆಳಗಾವಿ, ವಿಜಾಪುರ, ಬಿಜಾಪುರ, ವಿಜಯಪುರ. ಸರ್ಕಾರ ಊರುಗಳ ಹೆಸರು ಬದಲಿಸಿದ 2014ರ ನವೆಂಬರ್ 1ಕ್ಕೆ ಮೊದಲು ಮತ್ತು ಆಮೇಲೆ ಅಚ್ಚಾದ ಪುಸ್ತಕಗಳ ಸೂಚಿಯಲ್ಲಿ ಬೇರೆ ಬೇರೆ ಹೆಸರು ಇರುತ್ತದೆ. ವಿಜಯಪುರ ಎಂದು ಹುಡುಕಿದವರಿಗೆ ಬಿಜಾಪುರದ ಪುಸ್ತಕ ಸಿಗುವುದಿಲ್ಲ. ಸೂಚಿಯಲ್ಲಿ ಒಂದು ಹೆಸರನ್ನು ಮುಖ್ಯವಾಗಿಟ್ಟು ಉಳಿದವುಗಳಿಂದ ಅದಕ್ಕೆ ದಾರಿ ತೋರಿಸುವ ನಮೂದು ಹಾಕಬೇಕು. ಇನ್ನೊಂದು ತೊಡಕು ಅಕ್ಷರದ್ದು. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯುನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿಗಳು ಪರದೆಯ ಮೇಲೆ ಕನ್ನಡದಂತೆ ಕಂಡರೂ ಕಂಪ್ಯೂಟರಿಗೆ ಅವು ಇಂಗ್ಲಿಷ್ ಚಿಹ್ನೆಗಳ ರಾಶಿ, ಹುಡುಕಲು ಬಾರದು. ಬದಲಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು, ದೀರ್ಘಗಳನ್ನು ಒಮ್ಮೆ ಕಣ್ಣಾರೆ ನೋಡಿದರಾಯಿತು. ಬೆಳಗಾವಿಯಂಥ ಊರಲ್ಲಿ ಇದೇ ಶಿಸ್ತು ಮರಾಠಿ, ಉರ್ದು ಪುಸ್ತಕಗಳಿಗೂ ಬೇಕು. 1848ರಲ್ಲಿ ಶುರುವಾದ ಸಾರ್ವಜನಿಕ ವಾಚನಾಲಯ ಇರುವ ಊರು ಅದು; ‘ಸಂಯುಕ್ತ ಕರ್ನಾಟಕ’ 1929ರಲ್ಲಿ ಹುಟ್ಟಿದ್ದೂ ಅಲ್ಲೇ. ಮೂರೂ ಭಾಷೆಯ ಓದುಗರು ಒಂದೇ ಮೇಜಿಗೆ ಬರುತ್ತಾರೆ.

ಕಪಾಟಿಗೆ ಬೀಗ ಯಾಕೆ ಬೀಳುತ್ತದೆ ಎಂಬುದನ್ನು ತಿಳಿಯದೆ ಗ್ರಂಥಪಾಲಕರನ್ನು ಬೈಯುವುದು ಅನ್ಯಾಯ. ಪುಸ್ತಕವನ್ನು ಲೆಕ್ಕಪತ್ರದಲ್ಲಿ ಕುರ್ಚಿ, ಮೇಜಿನ ಹಾಗೆ ಆಸ್ತಿ ಎಂದು ಹಿಡಿಯುತ್ತಾರೆ. ಒಂದು ಕಳೆದರೆ ತಪಾಸಣೆಯಲ್ಲಿ ಆಕ್ಷೇಪ, ಆಕ್ಷೇಪ ಬಂದರೆ ಸಂಬಳದಿಂದ ವಸೂಲಿ ಎಂಬ ಭಯ. ಕೊಟ್ಟರೆ ಕಳೆಯಬಹುದು, ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಇಂಥ ಏರ್ಪಾಟಿನಲ್ಲಿ ಬುದ್ಧಿವಂತರು ಬೀಗ ಹಾಕುತ್ತಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಇದಕ್ಕೊಂದು ಒಳ್ಳೆಯ ಪರಿಹಾರ ಇಟ್ಟಿವೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ, ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಅದು ಸಹಜ ನಷ್ಟ. 1,000 ರೂಪಾಯಿಗೂ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ತನಿಖೆ ಕಡ್ಡಾಯ. ಇದರಲ್ಲಿನ ಸೊಗಸು ನೋಡಿ: ಹೆಚ್ಚು ಓದಿಸಿದವರಿಗೆ ಹೆಚ್ಚು ವಿನಾಯಿತಿ. ರಾಜ್ಯದ ಲೈಬ್ರರಿಗಳಲ್ಲೂ ಈ ಅಳತೆಯನ್ನು ಸ್ಪಷ್ಟವಾಗಿ ಬರೆದು ಪ್ರತಿ ಮೇಲ್ವಿಚಾರಕರ ಕೈಗೆ ಒಂದು ಪ್ರತಿ ಕೊಟ್ಟರೆ ಅರ್ಧ ಬೀಗಗಳು ತಾವಾಗಿ ತೆರೆಯುತ್ತವೆ. ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ತಪಾಸಣೆಯ ನಮೂನೆಗೆ ಆ ಸೂತ್ರ ಇನ್ನೂ ತಲುಪಿಲ್ಲ.

ಪುಸ್ತಕ ತೆಗೆದುಹಾಕುವ ವಿಷಯದಲ್ಲೂ ಅದೇ ಭಯ ಕೆಲಸ ಮಾಡುತ್ತದೆ. ಸ್ಪರ್ಧಾ ಪರೀಕ್ಷೆಯ ವಿಭಾಗದಲ್ಲಿ ಎಂಟು ಹತ್ತು ವರ್ಷ ಹಳೆಯ ಸಾಮಾನ್ಯ ಜ್ಞಾನದ ಪುಸ್ತಕ ಇದ್ದರೆ ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಜಿಲ್ಲೆಗಳ ಸಂಖ್ಯೆ, ತೆರಿಗೆ ದರ, ಕಾಯ್ದೆಗಳ ಹೆಸರು ಬದಲಾಗಿವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೂ ಐಪಿಸಿ ಸೆಕ್ಷನ್ ಕಂಠಪಾಠ ಮಾಡಿಸುವ ಪುಸ್ತಕ ಕಪಾಟಿನಲ್ಲಿದ್ದರೆ ಪೊಲೀಸ್ ಪರೀಕ್ಷೆ ಬರೆಯುವ ಹುಡುಗನ ಅಂಕ ಹೋಗುತ್ತದೆ. ಮಾರ್ಗದರ್ಶಿಗಳಿಗೆ ಮೂರು ವರ್ಷ, ಕಂಪ್ಯೂಟರ್ ಪುಸ್ತಕಗಳಿಗೆ ಐದು ವರ್ಷ ಎಂದು ಗಡಿ ಹಾಕಿ ತೆಗೆಯಬೇಕು. ಕಥೆ, ಕಾದಂಬರಿ, ಸ್ಥಳೀಯ ಚರಿತ್ರೆಗೆ ಈ ಗಡಿ ಇಲ್ಲ. ರದ್ದಿಗೆ ಹಾಕುವ ಉತ್ಸಾಹದಲ್ಲಿ ಹಳೆಯ ಸ್ಮರಣ ಸಂಚಿಕೆ ಹೋಗಿ ಮಾರ್ಗದರ್ಶಿ ಉಳಿಯುವುದೇ ಹೆಚ್ಚು, ಯಾಕೆಂದರೆ ಸ್ಮರಣ ಸಂಚಿಕೆಗೆ ಪರಿಗ್ರಹಣ ಸಂಖ್ಯೆಯೇ (ಲೈಬ್ರರಿಯ ದಾಖಲೆಯಲ್ಲಿ ಪ್ರತಿ ಪುಸ್ತಕಕ್ಕೆ ಕೊಡುವ ಸಂಖ್ಯೆ) ಇರುವುದಿಲ್ಲ.

ಹೊಸ ಪುಸ್ತಕ ಬರುವ ದಾರಿಯೂ ಇಕ್ಕಟ್ಟಿನದು. ಏಕಗವಾಕ್ಷಿ ಯೋಜನೆಯಲ್ಲಿ ಇಲಾಖೆ ಆಯ್ದ ಪುಸ್ತಕದ 300 ಪ್ರತಿ ಕೊಳ್ಳುತ್ತದೆ. ಸಣ್ಣ ಪ್ರಕಾಶಕರು ಉಸಿರಾಡುವುದು ಇದರಿಂದಲೇ. ಆದರೆ ಬೆಲೆ ಪುಟದ ಲೆಕ್ಕದಲ್ಲಿ ನಿಗದಿ. ಕಡಿಮೆ ದರಕ್ಕೆ ಒಗ್ಗಿಸಲು ಕಾಗದ ತೆಳ್ಳಗಾಗುತ್ತದೆ, ಬೈಂಡಿಂಗ್ ಹೊಲಿಗೆಯ ಬದಲು ಅಂಟಾಗುತ್ತದೆ, ಇಪ್ಪತ್ತು ಕೈ ದಾಟುವಷ್ಟರಲ್ಲಿ ಪುಟ ಕಳಚುತ್ತದೆ. ಬಣ್ಣದ ಚಿತ್ರ ಬೇಕಾದ ಮಕ್ಕಳ ಪುಸ್ತಕಕ್ಕೆ ಈ ಲೆಕ್ಕ ಒಗ್ಗುವುದೇ ಇಲ್ಲ: 24 ಪುಟದ ಚಿತ್ರಪುಸ್ತಕ ಪುಟದ ದರದಲ್ಲಿ ನಷ್ಟದ ಬಾಬತ್ತು. ಪುಟ ಕಳಚಿದಾಗ ಸೆಲೋಟೇಪ್ ಮಾತ್ರ ಹಚ್ಚಬಾರದು. ಎರಡು ಬೇಸಿಗೆಯಲ್ಲಿ ಅದರ ಗೋಂದು ಕಂದಾಗಿ ಅಕ್ಷರ ತಿನ್ನುತ್ತದೆ. ಮೈದಾ ಅಂಟು, ಚಿಟಿಕೆ ಮೈಲುತುತ್ತ, ತೆಳು ಕಾಗದದ ಪಟ್ಟಿ ಸಾಕು. ಕಪಾಟು ಗೋಡೆಯಿಂದ ಮತ್ತು ನೆಲದಿಂದ ಆರಾರು ಇಂಚು ದೂರ ಇದ್ದರೆ ಗೆದ್ದಲು ಹತ್ತಿದ್ದು ಕಣ್ಣಿಗೆ ಬೀಳುತ್ತದೆ.

ನದಿ ದಂಡೆಯ ಊರುಗಳಿಗೆ ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದಾಗ ಗೋಕಾಕ, ಮುಧೋಳ, ರಾಮದುರ್ಗ, ಬಾದಾಮಿ ಕಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ನೆನೆದ ಪುಸ್ತಕಕ್ಕೆ ಸಿಗುವ ಕಾಲ ಸುಮಾರು 48 ತಾಸು, ಆಮೇಲೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರಡಿದರೆ ಕಾಗದ ಸುರುಟಿ ಬೆನ್ನು ಬಿರಿಯುತ್ತದೆ. ನೆರಳಿನಲ್ಲಿ, ಫ್ಯಾನಿನ ಕೆಳಗೆ, ಪುಸ್ತಕವನ್ನು ನಿಲ್ಲಿಸಿ ಸ್ವಲ್ಪ ಬಿಡಿಸಿ, ಇಪ್ಪತ್ತು ಪುಟಕ್ಕೊಂದು ಅಚ್ಚಿಲ್ಲದ ಕಾಗದ ಇಟ್ಟು ಎರಡು ಮೂರು ತಾಸಿಗೆ ಬದಲಿಸಬೇಕು. ನುಣುಪು ಕಾಗದದ ಪುಸ್ತಕವನ್ನು ಮೊದಲು ಹಿಡಿಯಬೇಕು, ಒಣಗುವಾಗ ಪುಟಗಳು ಕಲ್ಲಿನಂತೆ ಅಂಟಿಕೊಳ್ಳುತ್ತವೆ. ದಾಖಲಾತಿ ಪುಸ್ತಕವನ್ನು ಮಾತ್ರ ಮಳೆಗಾಲಕ್ಕೆ ಮೊದಲೇ ಫೋನಿನಲ್ಲಿ ಪುಟ ಪುಟ ಫೋಟೊ ತೆಗೆದು ಬೇರೆಡೆ ಇಡಬೇಕು. ಅದು ಹೋದರೆ ಏನೇನಿತ್ತು ಎಂಬುದೂ ಹೋಯಿತು.

ಡಿಜಿಟಲ್ ಕಡೆ ಸರ್ಕಾರ 2020ರಲ್ಲೇ ಸಾರ್ವಜನಿಕ ಡಿಜಿಟಲ್ ಗ್ರಂಥಾಲಯ ತೆರೆದಿದೆ, ಮೊಬೈಲ್ ಸಂಖ್ಯೆ ಕೊಟ್ಟು ಪುಕ್ಕಟೆ ಸದಸ್ಯರಾಗಬಹುದು. ಪಠ್ಯ, ಪರೀಕ್ಷೆಯ ಸಾಮಗ್ರಿ, ಹಳೆಯ ಸಾಹಿತ್ಯಕ್ಕೆ ಉಪಯುಕ್ತ. ಹೊಸ ಕನ್ನಡ ಪುಸ್ತಕ ಅಲ್ಲಿ ಹೆಚ್ಚು ಸಿಗದು, ಪ್ರಕಾಶಕರು ಮಾರುತ್ತಿರುವ ಪುಸ್ತಕವನ್ನು ಪುಕ್ಕಟೆ ಕೊಡುವುದು ನ್ಯಾಯವೂ ಅಲ್ಲ. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯಿತು. ಬೆಳಗಾವಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಸಿಗುವ ದ್ರಾಕ್ಷಿ ರೋಗದ ಸಂಶೋಧನಾ ಲೇಖನ ತಿಕೋಟಾದ ದ್ರಾಕ್ಷಿ ಬೆಳೆಗಾರನಿಗೆ ಸಿಗುವುದಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದ ಒಂದೊಂದು ಕಂಪ್ಯೂಟರಿಗಾದರೂ ಆ ಬಾಗಿಲು ತೆರೆಯಬೇಕೆಂದು ಕೇಳುವುದು ದುರಾಸೆಯಲ್ಲ.

ಈಗ ಮೊದಲಿನ ರಸೀದಿಗೆ ಬರೋಣ. ಒಂದು ಪಟ್ಟಣದಲ್ಲಿ 10,000 ಮನೆ, ಸರಾಸರಿ 2,000 ರೂಪಾಯಿ ಕರ ಎಂದುಕೊಳ್ಳಿ. ಉಪಕರ ವರ್ಷಕ್ಕೆ 12 ಲಕ್ಷ. ಅದು ವಸೂಲಾಗಿ ಗ್ರಂಥಾಲಯದ ಖಾತೆಗೆ ತಲುಪಿದೆಯೇ, ಸ್ಥಳೀಯ ಸಂಸ್ಥೆಯ ಬೇರೆ ಖರ್ಚಿನಲ್ಲಿ ಕರಗಿದೆಯೇ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದ ಮೀರದಂತೆ ಇರಬೇಕು, ಮೀರಿದ ಕಾರಣಕ್ಕೇ ಎಷ್ಟೋ ಅರ್ಜಿಗಳು ವಾಪಸು ಬರುತ್ತವೆ. ಸ್ಥಳೀಯ ಸಂಸ್ಥೆಗೆ ಹೀಗೆ ಕೇಳಿ: ಕಳೆದ ಐದು ಆರ್ಥಿಕ ವರ್ಷಗಳಲ್ಲಿ ವರ್ಷವಾರು ವಸೂಲಾದ ಗ್ರಂಥಾಲಯ ಉಪಕರ ಎಷ್ಟು, ಗ್ರಂಥಾಲಯ ಪ್ರಾಧಿಕಾರಕ್ಕೆ ಜಮಾ ಮಾಡಿದ್ದು ಎಷ್ಟು, ಯಾವ ದಿನಾಂಕಗಳಂದು, ಬಾಕಿ ಎಷ್ಟು. ಅದೇ ದಿನ ಗ್ರಂಥಾಲಯ ಪ್ರಾಧಿಕಾರಕ್ಕೆ ಇನ್ನೊಂದು ಅರ್ಜಿ ಹಾಕಿ ಅದೇ ವರ್ಷಗಳಲ್ಲಿ ಬಂದ ಮೊತ್ತ ಕೇಳಿ. ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಆ ಕಾಗದದೊಂದಿಗೆ ವಾರ್ಡ್ ಸಭೆಗೋ ಗ್ರಾಮಸಭೆಗೋ ಹೋಗಿ ಮೂರು ಬೇಡಿಕೆ ಇಡಬಹುದು: ಮೇಜಿನ ಮೇಲೆ ದೀಪ, ರಾತ್ರಿ ಎಂಟರವರೆಗೆ ತೆರೆದ ಬಾಗಿಲು, ಎರಡನೆಯ ಕೀಲಿ ಇನ್ನೊಬ್ಬರ ಹತ್ತಿರ.